ಗ್ರಿಮ್ಸ್‌ಬಿಯಲ್ಲಿ ಒಂದು ಕ್ರಿಯಾಪದ

ಮಂಗಳವಾರ ಸಂಜೆ ಆರು. ಗ್ರಿಮ್ಸ್‌ಬಿ ಲೈಬ್ರರಿಯ ಮೇಲ್ಮಹಡಿ.
ಹೀಟರು ಕೆಮ್ಮುತ್ತಿದೆ. ಹಲೀನಾಳ ಕೈಯಲ್ಲಿ
ಫ್ಯಾಕ್ಟರಿಯ ಮೀನು ಇನ್ನೂ ವಾಸನೆಯಾಗಿ ಉಳಿದಿದೆ,
ನಿಂಬೆ ಉಜ್ಜಿಕೊಂಡು ಬಂದಿದ್ದಾಳೆ, ಆದರೂ.
ಬೋರ್ಡಿನ ಮೇಲೆ ಬರೆದೆ: ಕನ್ಸೀವ್.

ಅರ್ಥ ಒಂದು: ಮನಸ್ಸಿನಲ್ಲಿ ರೂಪ ಕೊಡು.
ಉದಾಹರಣೆ ಹೇಳಿ, ಅಂದೆ.
ಕ್ಷೌರದಂಗಡಿಯ ರೇಬಾಜ್ ಎದ್ದು ಕೈಕಟ್ಟಿ ನಿಂತ:
‘ನಿನ್ನೆ ನಾಲ್ಕು ಗಂಟೆಗೆ, ಗಿರಾಕಿಯ ಅರ್ಧ ಗಡ್ಡ ಬೋಳಿಸಿದ್ದಾಗ,
ಮಿಸ್, ಐ ಕನ್ಸೀವ್ಡ್.’

ಹಿಂದಿನ ಸಾಲು ಬಿದ್ದು ಬಿದ್ದು ನಕ್ಕಿತು.
ಅವನೋ, ಹೊಸ ಅಂಗಡಿಯ ನಕ್ಷೆ ಬಿಡಿಸಿ ತಂದಿದ್ದ:
ಎರಡು ಕುರ್ಚಿ, ಒಂದು ಕನ್ನಡಿ, ಬಂದರಿಗೆ ಮುಖಮಾಡಿದ ಬಾಗಿಲು.
ಅರ್ಥ ಎರಡನ್ನೂ ಹೇಳಲೇಬೇಕಾಯಿತು.
ಕಿವಿಯ ತುದಿವರೆಗೆ ಕೆಂಪೇರಿ ಕೂತ.

ಈ ಭಾಷೆಯವರು ಜಿಪುಣರೆಂದು ನನ್ನ ಹಳೇ ಗುಮಾನಿ;
ತಲೆಗೂ ಹೊಟ್ಟೆಗೂ ಒಂದೇ ಪಾತ್ರೆ.
ಬೆನ್ನಿಗೆ ‘ಆಫ್’ ಅಂಟಿಸಿದರೆ ಹೊಟ್ಟೆಯಿಂದ ತಲೆಗೆ ಏರುತ್ತದೆ,
ಮುಂದೆ ‘ಕೆನಾಟ್’ ಇಟ್ಟರೆ ಅಲ್ಲಿಂದಲೂ ಜಾರುತ್ತದೆ.
ನಮ್ಮಲ್ಲಿ ಬಸಿರಿಗೆ ಬಸಿರು, ಊಹೆಗೆ ಊಹೆ.
ಇನ್ನು ಉಪಾಯವನ್ನು ಯಾರೂ ಹೊರುವುದಿಲ್ಲ, ಹೆರುವುದಿಲ್ಲ,
ತಾನಾಗಿ ಹೊಳೆಯುತ್ತದೆ,
ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆ
ಬಿಸಿಲಿಗೆ ಸಿಕ್ಕ ಹಾಗೆ.
‘ನಾನು ಹೊಳೆದೆ’ ಅನ್ನುವುದಿಲ್ಲ ನಾವು. ‘ನನಗೆ ಹೊಳೆಯಿತು.’
ಒಂದು ‘ಗೆ’. ಚತುರ್ಥಿ ವಿಭಕ್ತಿ.
ನಾನೆಂಬುದು ಬಾಗಿಲ ಹೊರಗೆ ನಿಂತು ಕಾಯಬೇಕು.

ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ಸಿಲಬಸ್ಸಿನಲ್ಲಿಲ್ಲ.

ಹಲೀನಾ ನಕ್ಕಿರಲಿಲ್ಲ.
ನೋಟ್‌ಬುಕ್ಕು ತಿರುಗಿಸಿ ಮೆಲ್ಲಗೆ ನನ್ನತ್ತ ಸರಿಸಿದಳು,
ಆರು ವರ್ಷ ನಾವಿಬ್ಬರೂ ಪ್ರಯತ್ನಪಟ್ಟೆವು ಎಂಬ ವಾಕ್ಯ,
ಕೊನೆಯಲ್ಲಿ ಆ ಕ್ರಿಯಾಪದ.
‘ತಪ್ಪಿದೆಯಾ?’
ಕಾಲ ಸರಿ, ಸ್ಪೆಲಿಂಗ್ ಸರಿ, ಪೂರ್ಣವಿರಾಮವೂ ಇತ್ತು.
ಕೆಂಪು ಪೆನ್ನು ಬೆರಳ ನಡುವೆ ಒಣಗುತ್ತಿತ್ತು.
ಏನಾದರೂ ಹೇಳಬೇಕಿತ್ತು.
ನನಗೇನೂ ಹೊಳೆಯಲಿಲ್ಲ,
ಎರಡೂ ಭಾಷೆಯಲ್ಲಿ.

ಅಷ್ಟರಲ್ಲಿ ಅವಳೇ ಪಕ್ಕದ ಡೆಸ್ಕಿಗೆ ಬಾಗಿ
ರೇಬಾಜನ ನಕ್ಷೆಯ ಮೇಲೆ
ಮೊಂಡು ಪೆನ್ಸಿಲಿನಲ್ಲಿ ಇನ್ನೊಂದು ಕುರ್ಚಿ ಬರೆದಳು,
ಸ್ವಲ್ಪ ಸೊಟ್ಟ, ಬಾಗಿಲ ಹತ್ತಿರ:
‘ಮೂರು ಬೇಕು. ಕಾಯುವವರು ಎಲ್ಲಿ ಕೂರುತ್ತಾರೆ?’