ಹನ್ನೊಂದರವರೆಗೆ

ಸಮುದಾಯ ಭವನದ ಬೀಗದ ಕೈ
ನಮ್ಮ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು,
ಕೆಂಪು ಉಣ್ಣೆಯ ದಾರ ಕಟ್ಟಿಸಿಕೊಂಡು.
ಪಕ್ಕದ ಮೊಳೆಯಲ್ಲಿ ನಮ್ಮ ಮನೆಯದು.
ಅದಕ್ಕೆ ದಾರವಿರಲಿಲ್ಲ.
ನಮ್ಮ ಮನೆಗೆ ಬೀಗ ಹಾಕಿದ ನೆನಪೂ ಇಲ್ಲ.

ನ್ಯೂಫೌಂಡ್‌ಲ್ಯಾಂಡಿನ ಭೂಪಟದಲ್ಲಿ
ಸ್ಕಿಲ್ಲಿ ಕೊಲ್ಲಿಯೆಂದರೆ ನೊಣದ ಹಿಕ್ಕೆ.
ಅರವತ್ತೆರಡು ಮನೆ, ಒಂದು ಚರ್ಚು,
ಗಾಳಿ ಮಾತ್ರ ಒಂದು ರಾಜಧಾನಿಗೆ ಸಾಲುವಷ್ಟು.

ಕಾಡ್ ಮೀನು ಹಿಡಿಯಕೂಡದೆಂದು ಸರಕಾರ ಹೇಳಿದ ವರ್ಷ
ಗಂಡಸರು ದೋಣಿಗಳನ್ನು ಬೋರಲು ಹಾಕಿ
ಅವುಗಳ ಬೆನ್ನ ಮೇಲೆ ಕೂತರು.
ಬಾಯಿಬಿಟ್ಟು ಕೇಳುವ ಜನವಲ್ಲ ನಮ್ಮದು.
ಸಂಜೆಯಾದರೆ ಅಮ್ಮ ಪಾತ್ರೆ ಹೊತ್ತು ಬಾಗಿಲು ತಟ್ಟುವಳು:
"ಸೂಪು ಹೆಚ್ಚಾಗಿಹೋಯ್ತು ಕಣೆ,
ಅಳತೆಯೇ ತಿಳಿಯೋದಿಲ್ಲ ನನಗೆ."
ಸೌಟು ತಳ ಕೆರೆಯುವ ಸದ್ದಿನಲ್ಲಿ ಬೆಳೆದ
ನಾವು ನಾಲ್ವರಿಗೆ ಗೊತ್ತಿತ್ತು ಅದು ಸುಳ್ಳೆಂದು.
ಅವರಿಗೂ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.
ಪಾತ್ರೆ ಬರಿದಾಗಿ ವಾಪಸು ಬಂದದ್ದಿಲ್ಲ.
ಒಂದು ಟರ್ನಿಪ್, ನಾಲ್ಕು ಮೊಟ್ಟೆ,
ಒಮ್ಮೆ, ಕಪ್ಪು ನೂಲಲ್ಲಿ ಹೆಬ್ಬೆರಳಿಗೆ ತೇಪೆ ಹಾಕಿದ
ಒಂದು ಜೊತೆ ಕೈಗವಸು.

ಬುಧವಾರ ಹೆಸ್ಟರ್ ಬಟ್‌ಳ ಡಯಾಲಿಸಿಸ್.
ಗ್ಯಾಂಡರಿನ ಆಸ್ಪತ್ರೆಗೆ ಎರಡೂವರೆ ಗಂಟೆ,
ಮರಳುವಾಗ ಮೂಸ್‌ಗಳು ರಸ್ತೆಗೆ ನುಗ್ಗುವ ಹೊತ್ತು.
ಹೀಟರ್ ಕೆಟ್ಟ ನೀಲಿ ವ್ಯಾನಿನಲ್ಲಿ
ಹೆಸ್ಟರ್‌ಗೆ ಎರಡು ಕಂಬಳಿ, ಅಮ್ಮನಿಗೆ ಅಪ್ಪನ ಹಳೇ ಕೋಟು.
ನನ್ನ ಹತ್ತನೇ ಹುಟ್ಟುಹಬ್ಬ ಬುಧವಾರ ಬಿತ್ತು.
ನಡುರಾತ್ರಿ ಎಬ್ಬಿಸಿದಳು,
ಕೈಯಲ್ಲಿ ಕೇಕು, ಮೇಣದಬತ್ತಿ, ರೆಪ್ಪೆಯ ಮೇಲೆ ಹಿಮ.
ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.
ಆ ಹತ್ತು ಬತ್ತಿಗಳನ್ನು ಅವಳೇ ಊದಿ ಆರಿಸಿರಬೇಕು.
ಕೇಳಲಿಲ್ಲ. ಮೂವತ್ತೊಂದು ವರ್ಷ ಒಂದೇ ಮೇಜಿನಲ್ಲಿ ಉಂಡೆವು,
ಕೇಳಲಿಲ್ಲ.

ಮಾರ್ಚಿಯಲ್ಲಿ, ಕೊಲ್ಲಿಯ ತುಂಬ ಮಂಜುಗಡ್ಡೆ ಕಿರುಗುಡುವಾಗ,
ಅವಳನ್ನು ಮಣ್ಣು ಮಾಡಿ ಭವನಕ್ಕೆ ಬಂದೆವು.
"ಊರಿಗೇ ತಾಯಿ" ಅಂದರು ಒಬ್ಬೊಬ್ಬರೂ ಕೈ ಹಿಡಿದು.
ಹೌದು ಅಂದೆ, ಹಲ್ಲು ಕಚ್ಚಿಕೊಂಡು.
ನೂರೆಂಬತ್ತು ಜನ, ನೂರೆಂಬತ್ತು ಕಪ್ಪು,
ಚಹಾದ ದೊಡ್ಡ ಹಂಡೆ ಮಾತ್ರ ಕಾಯಲೊಲ್ಲದು.
ಪಾದ್ರಿ ಸ್ವಿಚ್ಚು ಒತ್ತಿದರು.
ಅಣ್ಣ ಲಿಯಾಂಡರ್ ಪ್ಲಗ್ಗು ಕಿತ್ತು ಹಾಕಿದ, ಹಾಕಿ ಕಿತ್ತ.
ಎಲ್ಲರೂ ನನ್ನ ಮುಖ ನೋಡಿದರು. ಮಗಳಲ್ಲವೇ.
ನನಗೇನು ಗೊತ್ತು? ಆ ಹಂಡೆ
ಯಾವತ್ತೂ ಬಿಸಿಯಾಗಿಯೇ ಇರುತ್ತಿತ್ತು.

ಹಿಂದಿನ ಸಾಲಿನಿಂದ ಆಬ್ಸಲಂ ಪೈಕ್ ಎದ್ದ.
ಊರು ಅವನ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿತ್ತು,
ಅವನೂ ಊರಿನ ಜೊತೆ.
ಗುರುವಾರ ರಾತ್ರಿ, ಕುಡಿತ ಬಿಡುವವರ ಸಭೆಗೆ
ಅಮ್ಮ ಆರು ಕುರ್ಚಿ ಹಾಕಿ ಕಾಯುತ್ತಿದ್ದದ್ದು ಗೊತ್ತು.
ಬರುತ್ತಿದ್ದವನು ಇವನೊಬ್ಬನೇ ಎಂದು ತಿಳಿದದ್ದು ಅಂದು.
ಬೂಟಿನ ಹಿಮ ಕೊಡವದೆ ಬಂದು
ನಡುಗುವ ಹೆಬ್ಬೆರಳು ಸ್ವಿಚ್ಚಿನ ಮೇಲೆ ಊರಿ
ಗಟ್ಟಿಯಾಗಿ ಎಣಿಸತೊಡಗಿದ.
ಒಂದು. ಎರಡು.
ಯಾರೋ ಮಗುವಿನ ಬಾಯಿ ಮುಚ್ಚಿದರು.
ಏಳು. ಎಂಟು.
ಅವನ ದನಿಯೇ ಮರೆತುಹೋಗಿತ್ತು ನಮಗೆ.
ಹತ್ತು.
ಹನ್ನೊಂದು.
ಕೆಂಪು ದೀಪ ಹತ್ತಿತು.

"ಎಲ್ಲರೂ ಹತ್ತಕ್ಕೇ ಬೆರಳು ತೆಗೀತಾರೆ,
ಅಂತಿದ್ದಳು ಡಾರ್ಕಸ್," ಅಂದ.
ಹೋಗಿ ತನ್ನ ಜಾಗದಲ್ಲಿ ಕೂತ.

ಚಹಾಕ್ಕೆ ತುಸು ತುಕ್ಕಿನ ರುಚಿಯಿತ್ತು.
ಎರಡೆರಡು ಕಪ್ಪು ಕುಡಿದರು ಎಲ್ಲರೂ.
ಅವರು ಹೋದ ಮೇಲೆ ನೆಲ ಒರೆಸಿ,
ಕೆಂಪು ದಾರ ಬೆರಳಿಗೆ ಸುತ್ತಿಕೊಂಡು
ತಟ್ಟೆಗಳ ಮುಂದೆ ನಿಂತೆ.
ಸ್ಯಾಂಡ್‌ವಿಚ್ಚು ಹೆಚ್ಚಾಗಿಹೋಗಿತ್ತು,
ಈ ಸಲ ನಿಜವಾಗಿಯೂ.
ಮೊದಲು ಯಾವ ಬಾಗಿಲು ತಟ್ಟಬೇಕೋ
ಗೊತ್ತಾಗಲಿಲ್ಲ.