ಯಾವ ನರ?

ಕ್ಲೇಮು ವಾಪಸು ಬಂದಿದೆ, ಎರಡನೇ ಸಲ.
ಕೆಂಪಕ್ಷರದ ಒಂದೇ ಸಾಲು:
ಬೆರಳು ಒಂದು, ದುರಸ್ತಿ ಮೂರು ಹೇಗೆ?
ಸಮಜಾಯಿಷಿ ಕೊಡಿ.

ಮೊದಲ ಸಲದ್ದು ನನ್ನ ತಪ್ಪು, ಒಪ್ಪುತ್ತೇನೆ.
ಕೋಡಿನವರು ಹೆಬ್ಬೆರಳಿಂದ ಎಣಿಸುತ್ತಾರೆ.
ನಾನು, ಅವ್ವ ಕಲಿಸಿದಂತೆ, ಕಿರುಬೆರಳಿಂದ.
ಹಾಗಾಗಿ ಎರ್ರಿಸ್ವಾಮಿಯ ಉಂಗುರಬೆರಳು ಕೊಯ್ದರೆ
ಕಾಗದದ ಮೇಲೆ ತೋರುಬೆರಳಿಗೆ ಹೊಲಿಗೆ ಬಿತ್ತು.

ಕೌಲ್ ಬಜಾರಿನ ಹಿಂದೆ ಶೆಡ್ಡು.
ಅರವತ್ತು ಪದರ ಜೀನ್ಸ್ ಬಟ್ಟೆ ಹಾಸಿ
ಸೀಮೆಸುಣ್ಣದ ಗೆರೆಗುಂಟ ಕಟರ್ ನಡೆಸುವವನು.
ಬಲಗೈಯಲ್ಲಿ ಮಿಷನ್ನು, ಎಡಗೈ ಬಟ್ಟೆಯ ಮೇಲೆ.
ಮೂವತ್ತಾರು ಸೊಂಟದ ತಿರುವಿನಲ್ಲಿ
ಕರೆಂಟು ಹೋಗಿ, ಬಂತಂತೆ.
ಅಷ್ಟೇ.

ಟವೆಲು ಸುತ್ತಿದ ಕೈ ಎತ್ತಿ ಹಿಡಿದು
ನನ್ನ ಕೌಂಟರಿನಲ್ಲಿ ನಿಂತು ಅಂದ:
‘ಮೇಡಂ, ನರ ಕಟ್ ಆಗೈತ್ರಿ.’
ಹಾಗೇ ಟೈಪು ಮಾಡಿದೆ. ನರ ಕಟ್.

ನಮ್ಮ ಕಡೆ ಎಲ್ಲವೂ ನರವೇ.
ರಕ್ತ ಹರಿಯುವುದು ನರ, ಚುರುಕ್ಕೆನ್ನುವುದು ನರ,
ಬೆರಳನ್ನು ಎಳೆದು ಮಡಚುವ ಹುರಿಯೂ ನರ.
ಕೈಲಾಗದವನು ನರಸತ್ತವನು.
ಕನ್ನಡ ಮೇಷ್ಟ್ರು ಹೇಳುತ್ತಿದ್ದರು,
ಮನುಷ್ಯನೂ ನರನೇ, ಬರೆದುಕೊಳ್ಳಿ.
ಕಂಪ್ಯೂಟರು ಮಾತ್ರ ಕೇಳುತ್ತದೆ:
ಯಾವ ನರ?

ಡಾಕ್ಟರ್ ಅರ್ಷಿಯಾ ಅವರ ಅಕ್ಷರ ಇರುವೆ ಸಾಲು.
ಮೂರು ಸಲ ಓದಿ, ನಾಲ್ಕನೆಯ ಸಲ ಅವರ ಬಾಗಿಲು ತಟ್ಟಿದೆ.
ಮಿರ್ಚಿ ತಿನ್ನುತ್ತಿದ್ದರು, ಮಂಡಾಳ ಒಗ್ಗರಣೆ ಜೊತೆ.
ಎಣ್ಣೆಗೈ ಒರೆಸಿ ನನ್ನ ಕೈ ಹಿಡಿದು
ಉಳಿದ ಬೆರಳು ಮೇಜಿಗೆ ಒತ್ತಿ
‘ಉಂಗುರಬೆರಳು ಒಂದೇ ಮಡಚು’ ಅಂದರು.
ನಡುಗೆಣ್ಣು ಬಾಗಿತು, ತುದಿ ಬಾಗಲಿಲ್ಲ,
ಹೆಗಲ ಮೇಲೆ ನಿದ್ದೆ ಹೋದ ಕೂಸಿನ ಕತ್ತು.
‘ನೋಡು, ಇದು ಮೇಲಿನ ಹುರಿಯ ಕೆಲಸ.
ತುದಿ ಬಾಗಿಸುವುದು ಆಳದ್ದು.
ನಡುವೆ ಮೇಲಿನದು ಸೀಳಿ ಎರಡಾಗಿ
ಆಳದ್ದಕ್ಕೆ ದಾರಿ ಬಿಡ್ತದೆ.
ಅವನಿಗೆ ಕಡಿದದ್ದು ಅಲ್ಲೇ.
ಹಿಂದೆಲ್ಲ ಆ ಜಾಗಕ್ಕೆ ಯಾರೂ ಕೈ ಹಾಕ್ತಿರಲಿಲ್ಲ.’

ಮೂವತ್ನಾಲ್ಕು ವರ್ಷ ಈ ಬೆರಳಲ್ಲಿ ಹಿಟ್ಟು ನಾದಿದೆ,
ಹನ್ನೊಂದು ವರ್ಷ ಕೀಲಿ ಒತ್ತಿದೆ.
ಒಳಗೊಂದು ಓಣಿ ಇದೆ,
ಒಂದು ಸರಿದು ಇನ್ನೊಂದನ್ನು ಬಿಡುತ್ತದೆ ಅಂತ
ಯಾವ ಬಿಲ್ಲೂ ಹೇಳಿರಲಿಲ್ಲ.

ಬರೆದೆ:
ಹುರಿ ಎರಡು, ಬೇರೆ ಬೇರೆ. ಸ್ಪರ್ಶದ ನರ ಒಂದು.
ಮೂರೂ ಒಂದೇ ಬೆರಳಿನೊಳಗೆ. ಬೆರಳು ಎಡಗೈಯದು,
ಹೆಬ್ಬೆರಳಿಂದ ನಾಲ್ಕನೆಯದು.
ನಿಯಮ ಹೇಳುತ್ತದೆ, ಮೊದಲನೆಯದಕ್ಕೆ ಪೂರ್ತಿ,
ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು.
ಯಾವುದನ್ನು ಮೊದಲು ಬರೆಯಲಿ?
ಹುರಿಯನ್ನು ಬರೆದೆ. ದರ ಹೆಚ್ಚು.
ಮುಟ್ಟಿದ್ದು ತಿಳಿಯುವುದು ಕಾಲು ಪಾಲಿಗೆ ಹೋಯಿತು.

ಪಟ್ಟಿಯಲ್ಲಿ ಇಲ್ಲದ್ದನ್ನು ಅವನೇ ಕೇಳಿದ,
ಹೊಲಿಗೆ ಬಿಚ್ಚಿಸಲು ಬಂದ ದಿನ.
ಆರು ವಾರ ಪಟ್ಟಿ ಕಟ್ಟಿದ ಕೈ,
ಪೀಸಿನ ಲೆಕ್ಕದ ಕೂಲಿ: ‘ಅದಕ್ಕೇನೂ ನಂಬರ್ ಇಲ್ಲೇನ್ರಿ?’
ಹುಡುಕುವ ಹಾಗೆ ಪರದೆ ಕೆಳಗೆ ಸರಿಸಿದೆ.
ನನಗೆ ಗೊತ್ತಿತ್ತು, ಇಲ್ಲ.

ಆಮೇಲೆ ಬೆರಳಚ್ಚಿನ ಡಬ್ಬಿ ಮುಂದಿಟ್ಟೆ.
ಬಲಗೈ ಇಟ್ಟ. ಕೆಂಪು.
ಮತ್ತೆ ಇಟ್ಟ. ಕೆಂಪು.
ಬೆರಳ ಗೆರೆಗಳಲ್ಲಿ ಹದಿನೈದು ವರ್ಷದ ನೀಲಿ,
ತೊಳೆದರೂ ಹೋಗದ್ದು.
ಹತ್ತಿಗೆ ಸ್ಪಿರಿಟ್ಟು ಹಾಕಿ ನಾನೇ ಉಜ್ಜಿದೆ,
ಒಂದೊಂದೇ ಬೆರಳು, ಕಿರುಬೆರಳಿಂದ.
‘ಉರಿತದೇನು?’
‘ಈ ಕೈ ಉರಿತದ್ರಿ. ಆ ಕೈದು ಇನ್ನೂ ಗೊತ್ತಾಗವಲ್ದು.’

ನಾಲ್ಕನೆಯ ಸಲ ಹಸಿರು ಬಂತು.
ನೀಲಿ ಹತ್ತಿ ಮೇಜಿನ ಮೇಲೇ ಇತ್ತು ಸಂಜೆತನಕ.