ಬಾಯಿ ಕಟ್ಟುವುದು

ಯಾದಗಿರಿ ಸ್ಟೇಷನ್ ರಸ್ತೆಯ ಬೇವಿನಡಿ ಸಾಬಮ್ಮ
ಈಚಲ ಗರಿ ಸೀಳುತ್ತಿದ್ದಳು, ಹಲ್ಲಿನಿಂದ.
ನಾನು ಚೀಲದಿಂದ ನಿಲುವಂಗಿ ತೆಗೆದು
ಅವಳ ಮೊಳಕಾಲ ಮೇಲೆ ಹಾಸಿದೆ:
ಹತ್ತಿ ಹಗ್ಗದ ಸುರುಳಿ, ಸುತ್ತಿನ ಮೇಲೆ ಸುತ್ತು,
ಎದೆಯಿಂದ ನಡುವಿಗೆ, ನಡುವಿನಿಂದ ಘೇರಿಗೆ,
ಕಲಬುರಗಿಯ ಡಿಪ್ಲೊಮಾದ ಕೊನೆಯ ವರ್ಷ,
ನಲವತ್ತು ರಾತ್ರಿಯ ಕಣ್ಣು.

ಮುಂಭಾಗ ನೋಡಲೇ ಇಲ್ಲ ಅವಳು.
ಒಳಮೈ ಹೊರಗೆ ಮಾಡಿ ಉಗುರಿನಿಂದ ಗಂಟು ಹುಡುಕಿದಳು,
ಮಗಳ ತಲೆಯಲ್ಲಿ ಹೇನು ಹುಡುಕಿದ ಹಾಗೆ.
"ಇದರಾಗ ಏನ್ ತುಂಬತಾರ?"
"ಹೆಣ್ಣಮಗಳು ತೊಡತಾಳ, ಅವ್ವಾ."
"ಹಂಗಂದ್ರ ಒಬ್ಬಾಕಿ ಹಿಡಿತಾಳ.
ಹತ್ತು ಪಾಯಲಿ ಜ್ವಾಳದ ಅಳತಿ."
ನನ್ನ ಟೇಪು ಮೂವತ್ತನಾಲ್ಕು ಅಂದಿತ್ತು.

ಫೋನಿನಲ್ಲಿ ಚಿತ್ರ ತೋರಿಸಿದೆ:
ಕಡಲಾಚೆ, ಉಪ್ಪು ಹಿನ್ನೀರಿನ ದಂಡೆಯಲ್ಲಿ
ಗುಲ್ಲಾ ಹೆಂಗಸರು ಸುತ್ತುವ ಹುಲ್ಲಿನ ಬುಟ್ಟಿ;
ಹಡಗಿನಲ್ಲಿ ಕಟ್ಟಿ ತಂದವರ ಮರಿಮಕ್ಕಳು,
ಭತ್ತ ಕೇರಿದ ಕೈ ಏನನ್ನೂ ಮರೆಯಲಿಲ್ಲ ಅಂತ
ಓದಿದ್ದನ್ನೆಲ್ಲ ಒದರಿದೆ.
ಸಾಬಮ್ಮ ಗಾಜಿಗೆ ಮೂಗು ಹಚ್ಚಿ ನೋಡಿದಳು.
"ಈಕಿ ಎಡಗೈಯಾಕಿ," ಅಂದಳು.
"ಹೊಲಿಗಿ ಯಾ ಕಡಿ ವಾಲ್ಯಾವ ನೋಡು. ನಮ್ಮವ್ವಂದೂ ಹಿಂಗ."
ಆಮೇಲೆ ಬಹಳ ಹೊತ್ತು ಮಾತಿಲ್ಲ.
ರಾಯಚೂರು ಪ್ಯಾಸೆಂಜರ್ ಬಂದು ಹೋಯಿತು.

"ತಳ ಚಲೋ ಕುಂತದ," ಕೊನೆಗೆ ಅಂದಳು,
"ಬಾಯಿ ಕಟ್ಟಿಲ್ಲ ನೀ."
ಕೊರಳು ಎಳೆ ಎಳೆಯಾಗಿ ಬಿಟ್ಟಿದ್ದೆ,
ಈಗ ಹಾಗೆ ಬಿಡುವುದೇ ಚೆಂದ ಅಂತ ಯಾರೋ ಕಲಿಸಿದ್ದರು.
"ಬಾಯಿ ಕಟ್ಟದ ಬುಟ್ಟಿ ಸಂತಿಗಿ ಒಯ್ಯಬಾರದು,
ಎತ್ತಿದಾಕಿ ಕೈಯಾಗೇ ಬಿಚ್ಚತದ."
ದಬ್ಬಣ ತಗೊಂಡಳು. ನನ್ನ ಎರಡು ಸುತ್ತು ಕಿತ್ತಳು, ಕೇಳದೆ.
ಬಿಳಿ ಹಗ್ಗಕ್ಕೆ ಹಸಿ ಈಚಲು ಸುತ್ತಿ ಸುತ್ತಿ
ಮೂರು ಸುತ್ತು ಕೊರಳು ಕಟ್ಟಿದಳು.
ಮುಗಿಯುತ್ತ ಬಂದಾಗ ನೋಡಿದೆ:
ದಬ್ಬಣ ಎಡಗೈಯಲ್ಲಿತ್ತು.
ಗರಿ ಸೀಳುವಾಗ ಬಲಗೈಯವಳು.

"ಎಷ್ಟು?" ಅಂದೆ.
"ಬುಟ್ಟಿಗಿ ಎಂಬತ್ತು. ಇದು ಬುಟ್ಟಿ ಅಲ್ಲ. ನೀನೇ ಹೇಳು."
ಪರ್ಸಿನಲ್ಲಿದ್ದದ್ದು ಇನ್ನೂರು. ಇಟ್ಟು ಬಂದೆ.
ಹೇಳಲಿಲ್ಲ.

ತೀರ್ಪುಗಾರರ ಹಾಳೆಯಲ್ಲಿ ಬರೆದಿದೆ:
ಕೊರಳ ಬಳಿ ಹೊಲಿಗೆ ದಿಕ್ಕು ತಪ್ಪಿದೆ,
ನಾಲ್ಕು ಅಂಕ ಕಡಿತ.
ಈಚಲು ಒಣಗಿ ಈಗ ಜೋನಿಬೆಲ್ಲದ ಬಣ್ಣ.
ತೊಟ್ಟವಳು ಕತ್ತು ತಿರುಗಿಸಿದರೆ
ಸಣ್ಣಗೆ ಕಿರುಗುಟ್ಟುತ್ತದೆ.